ನರ್ಸ್ ಡೈರಿ – 23: ಅಮ್ಮನ ನೀಲಿ

ಲಂಡನ್‌ಗೆ ಹೋದವರೆಲ್ಲ ಬ್ರಿಟಿಷ್ ಮ್ಯೂಸಿಯಂ ನೋಡ್ತಾರೆ. ಅದೇ ಗ್ರೇಟ್ ರಸೆಲ್ ಸ್ಟ್ರೀಟ್‌ನಲ್ಲಿ ಹಸಿರು ಬಣ್ಣದ ಅಂಗಡಿಯೊಂದಿದೆ, ಅದನ್ನೂ ನೋಡಿ ಬನ್ನಿ. ಹೆಸರು ಎಲ್. ಕಾರ್ನೆಲಿಸೆನ್ ಅಂಡ್ ಸನ್. 1855ರಲ್ಲಿ ಶುರುವಾದದ್ದು, ಚಿತ್ರಕಾರರ ಬಣ್ಣದಂಗಡಿ. ನನಗೆ ಬ್ರಷ್ ಹಿಡಿಯೋಕೂ ಬರಲ್ಲ. ನೈಟ್ ಡ್ಯೂಟಿ ಮುಗಿದು ಎರಡು ದಿನ ರಜೆ ಇತ್ತು, ಮಳೆ ಬಂತು, ಒಳಗೆ ನುಗ್ಗಿದೆ ಅಷ್ಟೇ.

ಗೋಡೆ ತುಂಬ ಕಪಾಟು, ಸಾಲು ಸಾಲು ಗಾಜಿನ ಭರಣಿ, ಒಳಗೆ ಬರೀ ಬಣ್ಣದ ಪುಡಿ. ಥೇಟ್ ನಮ್ಮೂರ ಗ್ರಂಧಿಗೆ ಅಂಗಡಿ! ಪುಡಿಗೆ ಎಣ್ಣೆಯೋ ಗೋಂದೋ ಮೊಟ್ಟೆಯ ಹಳದಿಯೋ ಸೇರಿಸಿ ಅರೆದರೇನೇ ಪೇಂಟ್ ಆಗೋದು.

ನನ್ನ ಕಣ್ಣು ನಿಂತಿದ್ದು ಅಲ್ಟ್ರಾಮರೀನ್ ಮೇಲೆ. ಹಾಗಂದ್ರೆ ‘ಕಡಲಾಚೆಯದು’ ಅಂತ. ಅಫ್ಘಾನಿಸ್ತಾನದ ಬದಕ್ಷಾನ್ ಗಣಿಗಳ ಲ್ಯಾಪಿಸ್ ಲಾಜುಲಿ ಕಲ್ಲು ಕುಟ್ಟಿ, ಮೇಣ, ರಾಳದ ಜೊತೆ ನಾದಿ ನೀಲಿ ತೆಗೀತಿದ್ದರು. ಇಟಲಿಯ ಚಿತ್ರಕಾರರು ಮಾತೆ ಮೇರಿಯ ಸೆರಗಿಗೆ ಬಳಿದದ್ದು ಇದನ್ನೇ. ಅಷ್ಟು ದುಬಾರಿ ಅಂತ 1824ರಲ್ಲಿ ಪ್ಯಾರಿಸ್‌ನಲ್ಲಿ ಅಗ್ಗದ ನೀಲಿ ಮಾಡಿದವರಿಗೆ 6000 ಫ್ರಾಂಕ್ ಬಹುಮಾನ ಇಟ್ಟರು. 1828ರಲ್ಲಿ ಗಿಮೆ ಎಂಬಾತ ಗೆದ್ದ. ಜೇಡಿಮಣ್ಣು, ಸೋಡಾ, ಗಂಧಕ, ಇದ್ದಿಲು ಸೇರಿಸಿ ಕಾಯಿಸಿದರೆ ಅದೇ ನೀಲಿ!

“ಬಿಳಿ ಬಟ್ಟೆಯ ಹಳದಿ ಕಾಣದ ಹಾಗೆ ಮಾಡೋಕೂ ಇದನ್ನೇ ಹಾಕ್ತಿದ್ರು” ಅಂದಳು ಅಂಗಡಿಯ ಹುಡುಗಿ. ನಾನು ಅಲ್ಲೇ ನಿಂತುಬಿಟ್ಟೆ. ರಾಬಿನ್ ನೀಲಿ!

ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮಮ್ಮ ನರ್ಸಿಂಗ್ ಹಾಸ್ಟೆಲ್‌ನ ಯೂನಿಫಾರ್ಮ್ ಒಗೀತಿದ್ದವಳು. ಒಗೆದು, ನೀಲಿ ಹಾಕಿ, ಗಂಜಿ ಕೊಟ್ಟು ಒಣಗಿಸೋದು. ಆ ಬಿಳಿ ನೋಡ್ತಾ ನೋಡ್ತಾನೇ ನನಗೆ ನರ್ಸ್ ಆಗೋ ಆಸೆ ಹುಟ್ಟಿದ್ದು. ಅವಳ ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿ. ನನ್ನನ್ನು ನೋಡೋಕೆ ಕಾಲೇಜಿಗೆ ಬಂದರೆ ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡಿರ್ತಿದ್ಲು. ಮೊದಲ ವರ್ಷ ಮೇಡಂ ಸಯನೋಸಿಸ್ ಪಾಠ ಮಾಡ್ತಾ, ಉಗುರು ನೀಲಿಯಾಗಿದ್ರೆ ಮೊದಲು ಆಕ್ಸಿಜನ್ ಚೆಕ್ ಮಾಡಿ ಅಂದಾಗ, ಇಡೀ ಕ್ಲಾಸ್ ಬರ್ಕೊಳ್ತಿತ್ತು. ನನ್ನ ಪೆನ್ನು ಮಾತ್ರ ಓಡಲಿಲ್ಲ. ಇವತ್ತಿಗೂ ಪೇಷೆಂಟ್ ಬೆರಳಿಗೆ ಪ್ರೋಬ್ ಹಾಕೋ ಮುಂಚೆ ಉಗುರು ನೋಡ್ತೀನಿ.

ಕಲ್ಲಿನ ನೀಲಿಯ ಬೆಲೆ ನೋಡಿ ಮೆಲ್ಲಗೆ ವಾಪಸ್ ಇಟ್ಟೆ. ಇನ್ನೊಂದರದ್ದು ಚಿಕ್ಕ ಭರಣಿ ತಗೊಂಡು, ಹೊರಗೆ ಬಂದು ವಿಡಿಯೊ ಕಾಲ್ ಮಾಡಿದೆ.

“ಅಮ್ಮಾ, ನಿನ್ನ ನೀಲಿನ ಇಲ್ಲಿ ಗಾಜಿನ ಭರಣೀಲಿ ಇಟ್ಟಿದಾರೆ.”

“ಎಷ್ಟಂತೆ?”

ಹೇಳಿದೆ.

“ಅಯ್ಯೋ, ಅಷ್ಟು ದುಡ್ಡಲ್ಲಿ ಇಡೀ ಹಾಸ್ಟೆಲ್‌ಗೇ ನೀಲಿ ಹಾಕ್ತಿದ್ನಲ್ಲೇ! ತಗೋಬೇಡ, ಸುಮ್ನೆ ಬಾ.”

ಬ್ಯಾಗಿನ ಜಿಪ್ ಎಳೆದೆ.