ಉಪವಾಸದ ಖಾತೆ

ಮೂವತ್ತಾರು ವರ್ಷ ಬ್ಯಾಂಕಿನ ಕುರ್ಚಿಯಲ್ಲಿ ಕೂತವನಿಗೆ ನಿವೃತ್ತಿಯ ದಿನ ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಜೊತೆಯಲ್ಲಿ ನಾನು ಮನೆಗೆ ತಂದ ಹೊಟ್ಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ತೂಕ 94 ಕಿಲೋ, ಮೇಲೆ ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. 2022ರ ಜುಲೈನಲ್ಲಿ ಮೊಣಕಾಲಿನ ಎಕ್ಸ್‌ರೇ ನೋಡಿದ ಡಾಕ್ಟರು, "ಮೊದಲು ಹತ್ತು ಕಿಲೋ ಇಳಿಸಿ, ಆಮೇಲೆ ಆಪರೇಶನ್ ಮಾತು" ಅಂದುಬಿಟ್ಟರು.

ಉಪವಾಸ ನನಗೇನು ಹೊಸದಲ್ಲ. ನಾನು ಧಾರವಾಡದ ಮಾಳಮಡ್ಡಿಯವನು. ನಮ್ಮವ್ವ ಏಕಾದಶಿ ದಿನ ನೀರೂ ಮುಟ್ಟುತ್ತಿರಲಿಲ್ಲ. ಮರುದಿನ ಬೆಳಕು ಹರಿಯುವ ಮೊದಲೇ ಮಡಿಯುಟ್ಟು ಅಡಿಗೆ ಮಾಡಿ, ದೇವರಿಗೆ ತೋರಿಸಿ, ಎಲ್ಲರಿಗೂ ಬಡಿಸಿ, ಕಡೆಗೆ ತಾನು ಕೂರುತ್ತಿದ್ದಳು. ಆಕೆಯ ತೂಕವನ್ನು ಜೀವಮಾನದಲ್ಲಿ ಯಾರೂ ನೋಡಿದ್ದಿಲ್ಲ. 1989ರಲ್ಲಿ ವರ್ಗವಾಗಿ ಮುಂಬಯಿಗೆ ಬಂದ ಮೇಲೆ ನನ್ನ ಏಕಾದಶಿ ಕೆಟ್ಟಿತು. ಇಲ್ಲಿಯ ಕ್ಯಾಂಟೀನಿನಲ್ಲಿ ಆ ದಿನ ಸಾಬೂದಾಣಿ ಖಿಚಡಿ, ಸಾಬೂದಾಣಿ ವಡೆ, ಶೇಂಗಾ, ಗೆಣಸು. ಮರಾಠಿಯವರು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಾರೆ: "ಏಕಾದಶಿ, ದುಪ್ಪಟ್ ಖಾಶಿ." ಏಕಾದಶಿ ಬಂತು, ಇಮ್ಮಡಿ ತಿನ್ನು. ನಾನಂತೂ ಆ ಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸಿದವನು.

ಘಾಟ್‌ಕೋಪರ್‌ನಲ್ಲಿ ನಮ್ಮ ಎದುರಿನ ಫ್ಲ್ಯಾಟು ಗುಜರಾತಿ ಜೈನರದು. ಮನೆಯಾಕೆಯನ್ನು ನಾವೆಲ್ಲ ಬೆನ್ ಅನ್ನುತ್ತೇವೆ, ವಯಸ್ಸು ನನಗಿಂತ ಎರಡು ವರ್ಷ ಹೆಚ್ಚು. ಪರ್ಯೂಷಣದಲ್ಲಿ ಆಕೆ 'ಅಠ್ಠಾಯಿ' ಮಾಡುತ್ತಾರೆ. ಎಂಟು ದಿನ ಅನ್ನವಿಲ್ಲ, ಹಾಲಿಲ್ಲ, ಹಣ್ಣಿಲ್ಲ. ಕುದಿಸಿ ಆರಿಸಿದ ನೀರು ಮಾತ್ರ, ಅದೂ ಸೂರ್ಯ ಮುಳುಗುವ ತನಕ. ಆ ದಿನಗಳಲ್ಲಿ ಅವರ ಮನೆಗೆ ನೆಂಟರು ಬರುತ್ತಲೇ ಇರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ ಮಾತು: "ಶಾತಾ ಮಾ ಛೋ?" ನೆಮ್ಮದಿಯಾಗಿದ್ದೀರಾ ಎಂದು.

ನನ್ನ ತಲೆಯೊಳಗೆ ಹುಳ ಬಿಟ್ಟವನು ಬೆಂಗಳೂರಿನ ತಂಗಿಯ ಮಗ. ಮೊಬೈಲಿಗೆ ದಿನಕ್ಕೊಂದು ವಿಡಿಯೋ ಕಳಿಸುತ್ತಿದ್ದ. ದೀರ್ಘ ಉಪವಾಸ ಮಾಡಿದರೆ ಜೀವಕೋಶಗಳು ತಮ್ಮ ಕಸವನ್ನು ತಾವೇ ತಿಂದು ಚೊಕ್ಕಟವಾಗುತ್ತವಂತೆ, ಇದಕ್ಕೆ 2016ರಲ್ಲಿ ನೊಬೆಲ್ ಬಂದಿದೆಯಂತೆ. ಬಂದದ್ದು ನಿಜ, ಜಪಾನಿನ ಯೋಶಿನೋರಿ ಓಸುಮಿಯವರಿಗೆ. ಆದರೆ ಅವರು ಕೆಲಸ ಮಾಡಿದ್ದು ಯೀಸ್ಟಿನ ಮೇಲೆ, ಧಾರವಾಡದ ನಿವೃತ್ತ ಮ್ಯಾನೇಜರನ ಮೇಲಲ್ಲ ಎಂಬುದು ನನಗೆ ಹೊಳೆದದ್ದು ತಡವಾಗಿ. ಇನ್ನೊಂದು ವಿಡಿಯೋದಲ್ಲಿ ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯರಿಯ ಕಥೆ. 1965-66ರಲ್ಲಿ 382 ದಿನ ಊಟವಿಲ್ಲದೆ 207 ಕಿಲೋದಿಂದ 82ಕ್ಕೆ ಇಳಿದ ಮನುಷ್ಯ. ಅವನು ಡಾಕ್ಟರರ ಕಣ್ಣಳತೆಯಲ್ಲಿದ್ದ, ವಿಟಮಿನ್, ಪೊಟ್ಯಾಸಿಯಂ ಎಲ್ಲ ಕೊಡುತ್ತಿದ್ದರು ಎಂಬುದನ್ನು ವಿಡಿಯೋದವನು ಹೇಳಲಿಲ್ಲ. ಅದೇ ಕಾಲದಲ್ಲಿ ಇಂಥದೇ ಚಿಕಿತ್ಸೆಯಲ್ಲಿದ್ದ ಕೆಲವರು ಸತ್ತದ್ದನ್ನೂ ಹೇಳಲಿಲ್ಲ. ಸಾಲದ ಅರ್ಜಿಯಲ್ಲಿ ಸಣ್ಣ ಅಕ್ಷರಗಳನ್ನು ಓದಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳಿದವನು ನಾನು!

ಆಗಸ್ಟಿನಲ್ಲಿ ನನ್ನಾಕೆ ಮಗಳ ಮನೆಗೆಂದು ಪುಣೆಗೆ ಹೋದಳು. ಅವಕಾಶ ಸಿಕ್ಕಿತು. 24ನೇ ತಾರೀಖು ಪರ್ಯೂಷಣ ಆರಂಭ. ಎದುರು ಮನೆಯಲ್ಲಿ ಬೆನ್ ಶುರು ಮಾಡಿದ ದಿನವೇ ಈ ಕಡೆ ನಾನೂ ಗುಟ್ಟಾಗಿ ಶುರು ಮಾಡಿದೆ. ಏಳು ದಿನ ನೀರು, ಎಂಟನೇ ದಿನ ಗಣೇಶ ಚೌತಿ, ಕಡಬು ತಿಂದು ಮುಕ್ತಾಯ. ಫೋನಿನಲ್ಲಿ ಹೆಂಡತಿ "ಊಟ ಆತೇನ್ರಿ?" ಅಂದರೆ "ಆತು, ಜ್ವಾಳದ ರೊಟ್ಟಿ ತರಿಸಿದ್ದೆ" ಅನ್ನುತ್ತಿದ್ದೆ. ಮೂವತ್ತೇಳು ವರ್ಷದ ಸಂಸಾರದಲ್ಲಿ ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಅದೇ ಮೊದಲು.

ಮೊದಲ ದಿನ ತಲೆನೋವು. ಎರಡನೆಯ ದಿನ ಕೆಳಗಿನ ಮನೆಯ ಒಗ್ಗರಣೆಯ ವಾಸನೆಗೆ ಕಣ್ಣಲ್ಲಿ ನೀರು ಬಂತು, ಉತ್ಪ್ರೇಕ್ಷೆಯಲ್ಲ. ಮೂರನೆಯ ದಿನ ಹಸಿವು ಸತ್ತುಹೋಗಿ ಮೈ ಹಗುರಾಯಿತು. ಐದನೆಯ ದಿನ ಭಾನುವಾರ ಬೆಳಿಗ್ಗೆ ತಕ್ಕಡಿ 90.1 ತೋರಿಸಿತು. ನಾಲ್ಕು ದಿನದಲ್ಲಿ ಸುಮಾರು ನಾಲ್ಕು ಕಿಲೋ! ಅದರಲ್ಲಿ ಬಹುಪಾಲು ನೀರು ಎಂದು ಆಮೇಲೆ ಡಾಕ್ಟರು ತಿಳಿಸಿದರು. ಲಿವರಿನಲ್ಲೂ ಸ್ನಾಯುಗಳಲ್ಲೂ ಕೂಡಿಟ್ಟ ಸಕ್ಕರೆ ಖರ್ಚಾಗುವಾಗ ಅದು ಹಿಡಿದಿಟ್ಟುಕೊಂಡಿದ್ದ ಮೂರು ಪಟ್ಟು ನೀರೂ ಹೋಗುತ್ತದಂತೆ. ಊಟ ಶುರುವಾದರೆ ಎರಡೂ ವಾಪಸ್.

ಇಷ್ಟರಲ್ಲಿ ಒಂದು ತಪ್ಪು ಮಾಡಿದ್ದೆ. ಸಕ್ಕರೆ ಕಾಯಿಲೆಯ ಗುಳಿಗೆ ನಿಲ್ಲಿಸಿರಲಿಲ್ಲ. ಊಟವಿಲ್ಲವಲ್ಲ, ಅರ್ಧ ಸಾಕು ಎಂದು ನಾನೇ ಮಂಜೂರು ಮಾಡಿಕೊಂಡಿದ್ದೆ. ಗ್ಲಿಮೆಪಿರೈಡ್ ಎಂಬ ಆ ಗುಳಿಗೆ ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ಕೇಳುವುದಿಲ್ಲ. ಇನ್ಸುಲಿನ್ ಹೊರಡಿಸುವುದು ಅದರ ಕೆಲಸ, ಹೊರಡಿಸುತ್ತದೆ. ಎರಡನೆಯ ದಿನದಿಂದಲೇ ಕೈ ನಡುಗುತ್ತಿದ್ದುದನ್ನು ನಾನು ತಪಸ್ಸಿನ ಪ್ರಭಾವ ಎಂದುಕೊಂಡಿದ್ದೆ.

ಆ ಭಾನುವಾರ ಪೇಪರು ತಗೊಳ್ಳಲು ಬಾಗಿಲು ತೆರೆದವನಿಗೆ ಹೊಸ್ತಿಲು ಎರಡಾಗಿ ಕಂಡಿತು. ಮೈಯೆಲ್ಲ ಬೆವರು. ಗೋಡೆ ಹಿಡಿದು ಕೂತವನಿಗೆ ಏಳಲಾಗಲಿಲ್ಲ. ದೇರಾಸರಕ್ಕೆ ಹೊರಟಿದ್ದ ಬೆನ್ ನೋಡಿದರು. ಕೂಗಿದರು, ಒಳಗೆ ಓಡಿದರು. ಒಂದು ಲೋಟದಲ್ಲಿ ಸಕ್ಕರೆ ಕಲಸಿ ತಂದು, ಪಕ್ಕದಲ್ಲೇ ನೆಲಕ್ಕೆ ಕೂತು, ನನ್ನ ಗದ್ದ ಹಿಡಿದು ಗುಟುಕು ಗುಟುಕಾಗಿ ಕುಡಿಸಿದರು. ಐದನೆಯ ದಿನದ ಉಪವಾಸದಲ್ಲಿದ್ದ ಹೆಂಗಸು. ಅವರ ಕೈ ನಡುಗುತ್ತಿರಲಿಲ್ಲ. ಕೆಳಗಿನ ಮಹಡಿಯ ಡಾಕ್ಟರು ಬಂದು ಚುಚ್ಚಿ ನೋಡಿದಾಗ ಸಕ್ಕರೆ 46. ಅದು ಕುಡಿಸಿದ ಮೇಲಿನ ಲೆಕ್ಕ.

ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡರು. ಗುಳಿಗೆಯ ಪ್ರಭಾವ ಇಳಿಯುವ ತನಕ ಮತ್ತೆ ಮತ್ತೆ ಸಕ್ಕರೆ ಕುಸಿಯಬಹುದಂತೆ. ಸಂಜೆ ಪುಣೆಯಿಂದ ಬಂದ ಹೆಂಡತಿ ಅಳಲಿಲ್ಲ, ಬೈಯಲಿಲ್ಲ. ನನ್ನ ಕಾಲ ಬಳಿ ಸ್ಟೂಲ್ ಹಾಕಿ ಕೂತಳು. ಬಹಳ ಹೊತ್ತಿನ ಮೇಲೆ, "ಜ್ವಾಳದ ರೊಟ್ಟಿ ಭಾಳ ರುಚಿ ಇದ್ದೂ ಏನ್ರಿ?" ಎಂದಳು. ಮೊಣಕಾಲಿಗಿಂತ ಅದು ಹೆಚ್ಚು ನೋಯಿಸಿತು.

ಸೆಪ್ಟೆಂಬರ್ ಒಂದಕ್ಕೆ ಬೆನ್ ಅವರ ಪಾರಣೆ. ಇಬ್ಬರೂ ಹೋದೆವು. ಮನೆ ತುಂಬ ಜನ. ಹಿರಿಯರು, ಸೊಸೆಯಂದಿರು, ಮೊಮ್ಮಕ್ಕಳು ಒಬ್ಬೊಬ್ಬರಾಗಿ ಬಂದು ಹೆಸರುಬೇಳೆ ಕಟ್ಟನ್ನು ಚಮಚದಲ್ಲಿ ಅವರ ಬಾಯಿಗೆ ಹಾಕುತ್ತಿದ್ದರು. ಆ ಹೊತ್ತಿಗೆ ಅಷ್ಟೇ. ಉಪವಾಸಕ್ಕಿಂತ ಉಪವಾಸ ಬಿಡುವುದೇ ಜೋಕೆಯ ಕೆಲಸ ಎಂದು ಅವರಿಗೆ ಯಾವ ವಿಡಿಯೋನೂ ಕಲಿಸಬೇಕಾಗಿರಲಿಲ್ಲ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ತುಂಬಿದರೆ ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೇ ಸಂಚಕಾರ ಬರಬಹುದು. ನಾನಾದರೋ ಕಡಬಿನ ಯೋಜನೆ ಹಾಕಿದ್ದೆ! ನನ್ನನ್ನು ಕಂಡು ಬೆನ್ ನಕ್ಕರು. "ಭಾಯಿ, ನಾನು ತೂಕ ನೋಡಿಕೊಳ್ಳುವುದೇ ಇಲ್ಲ. ಇದು ಅದಕ್ಕಲ್ಲ" ಎಂದು ಹಿಂದಿಯಲ್ಲಿ ಹೇಳಿ, ಆಮೇಲೆ ಮೆಲ್ಲಗೆ ಕೇಳಿದರು, "ಶಾತಾ ಮಾ ಛೋ?" ಆ ಐದು ದಿನ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕೇಳಲು ನಾನು ಯಾರಿಗೂ ಹೇಳಿದ್ದರಲ್ಲವೇ?

ಹೋದ ನಾಲ್ಕು ಕಿಲೋ ಹದಿನೈದು ದಿನದಲ್ಲಿ ಬಡ್ಡಿ ಇಲ್ಲದೆ ವಾಪಸ್ ಬಂತು. ಈಗ 87ರಲ್ಲಿದ್ದೇನೆ. ರಾತ್ರಿ ಅನ್ನ ಬಿಟ್ಟು, ಬೆಳಿಗ್ಗೆ ನಡೆದು, ಇಷ್ಟು ಇಳಿಯಲು ಮೂರು ವರ್ಷ ಹಿಡಿಯಿತು. ಏಕಾದಶಿ ಮತ್ತೆ ಶುರು ಮಾಡಿದ್ದೇನೆ, ಡಾಕ್ಟರರನ್ನು ಕೇಳಿ, ಒಂದೇ ಹೊತ್ತು. ಹಿಂದಿನ ರಾತ್ರಿಯೇ ನನ್ನಾಕೆ ಕೈ ಚಾಚುತ್ತಾಳೆ:

"ಗುಳಿಗಿ ಡಬ್ಬಿ ಇಲ್ಲಿ ಕೊಡ್ರಿ."

ಕೊಡುತ್ತೇನೆ. ಆಕೆ ಎಣಿಸಿ ಇಟ್ಟುಕೊಳ್ಳುತ್ತಾಳೆ.