ದುರಸ್ತಿಯ ದಿನಗಳಲ್ಲಿ ಮನೆವಾಸ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಮೂರು ದಶಕಗಳಿಗೂ ಮಿಕ್ಕಿ ಮಕ್ಕಳಿಗೆ ಹೇಳಿದವರು ನಾವು. ಕಟ್ಟಿದ ಮನೆಯಲ್ಲಿ ವಾಸವಾಗಿದ್ದುಕೊಂಡೇ ಅದನ್ನು ದುರಸ್ತಿ ಮಾಡಿಸುವ ಪಾಡು ಆ ಗಾದೆಯಲ್ಲಿ ಸೇರಿಲ್ಲವೆಂಬುದು ಎಪ್ಪತ್ತು ದಾಟಿದ ಮೇಲೆ ನಮ್ಮ ಅರಿವಿಗೆ ಬಂತು.

ನಮ್ಮದು ಕಾಸರಗೋಡು ಸೀಮೆಯ ಹಳೆಯ ಮಾದರಿಯ ಮನೆ. ಗೋಡೆ ಕೆಂಪುಕಲ್ಲಿನದು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದು ಈ ಕಲ್ಲಿಗೇ. ನೆಲದಿಂದ ಅಗೆದಾಗ ಮೆತ್ತಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುವುದು ಇದರ ಗುಣ. ಮಾಡಿಗೆ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಉದ್ಯಮದ ನೆರಳು ಬಿದ್ದಿರದ ಹಳೆಯ ಮನೆ ನಮ್ಮ ಕರಾವಳಿಯಲ್ಲಿ ಅಪರೂಪ. ಹಂಚು ಗಟ್ಟಿಯಾಗಿಯೇ ಇತ್ತು. ಅದನ್ನು ಹೊತ್ತ ಪಕ್ಕಾಸು, ರೀಪುಗಳಿಗೆ ಗೆದ್ದಲು ಹಿಡಿದಿತ್ತು. ಬಚ್ಚಲುಮನೆಯಂತೂ ಎರಡು ಮೆಟ್ಟಿಲು ಕೆಳಗೆ. ಹಿಂದಿನ ಮಳೆಗಾಲದಲ್ಲಿ ನಮ್ಮ ಶ್ರೀಮತಿಯವರು ಅಲ್ಲಿ ಜಾರಿ ಬಿದ್ದು ತಿಂಗಳುಗಟ್ಟಲೆ ನರಳಿದ್ದರು. ಇನ್ನು ಮುಂದೂಡುವಂತಿರಲಿಲ್ಲ.

“ಕೆಲಸ ಮುಗಿಯುವ ತನಕ ಇಲ್ಲಿಗೇ ಬಂದುಬಿಡಿ ಅಪ್ಪಾ” ಎಂದು ಬೆಂಗಳೂರಿನಿಂದ ಮಗ ಕರೆದ. ನಾವು ಒಪ್ಪಲಿಲ್ಲ. ವಯಸ್ಸಾದವರು ಬೀಗ ಹಾಕಿ ಹೊರಟ ಮನೆಗಳನ್ನು ನಮ್ಮೂರಲ್ಲಿ ಕಂಡಿದ್ದೇವೆ. ಮೂರು ತಿಂಗಳೆಂದು ಹೋದವರು ಮೂರು ವರ್ಷವಾದರೂ ಮರಳುವುದಿಲ್ಲ. ಅಂಗಳದಲ್ಲಿ ಹುಲ್ಲು ಬೆಳೆಯುತ್ತದೆ, ಸಂಘದ ಸಭೆಯಲ್ಲಿ ಎರಡು ಕುರ್ಚಿ ಖಾಲಿಯಾಗುತ್ತವೆ. 1956ರ ನವೆಂಬರ್ 1ರಂದು ಗಡಿ ನಮ್ಮನ್ನು ದಾಟಿ ಅತ್ತ ಹೋಯಿತು. ನಾವಾಗಿ ಗಡಿ ದಾಟಿ ಹೋಗುವುದು ಬೇಡವೆಂಬ ಭಾವನೆಯೂ ಇತ್ತು. ಇಷ್ಟೆಲ್ಲ ಯೋಚಿಸಿದ ನಾವು, ಶ್ರೀಮತಿಯವರ ಇಷ್ಟವೇನೆಂದು ಕೇಳಿರಲಿಲ್ಲ. ಇದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಶಿವರಾತ್ರಿ ಕಳೆದು ಕೆಲಸ ಆರಂಭವಾಯಿತು. ಜೂನ್ ಹಿಡಿಯುವ ಹೊತ್ತಿಗೆ ಮುಂಗಾರು ಬರುತ್ತದೆ. ಅದಕ್ಕೆ ಮೊದಲು ಹಂಚು ಮಾಡಿಗೇರಲೇಬೇಕು. ಶಾಲೆಯ ವೇಳಾಪಟ್ಟಿಯಂತೆ ಒಂದು ಪಟ್ಟಿ ಬರೆದು ಚಾವಡಿಯ ಗೋಡೆಗೆ ಅಂಟಿಸಿದೆವು. ಮೊದಲು ಪಶ್ಚಿಮದ ಅರ್ಧ, ಆ ತನಕ ಪೂರ್ವದ ಕೋಣೆಗಳಲ್ಲಿ ವಾಸ. ಬಳಿಕ ಪೂರ್ವದ ಅರ್ಧ. ಬಡಗಿಯವರದು ಮಲಯಾಳ, ಮೇಸ್ತ್ರಿಯವರದು ತುಳು, ಕಲ್ಲು ಹೊರುವ ಹುಡುಗರದು ಬಂಗಾಳಿ. ನಮ್ಮ ಕನ್ನಡದ ಪಟ್ಟಿಯನ್ನು ಓದುವವರು ನಾವೊಬ್ಬರೇ ಆಗಿದ್ದೆವು. ಪುಸ್ತಕದ ಕಪಾಟುಗಳಿಗೆ ಹಳೆಯ ಸೀರೆ ಹೊದೆಸಿ ಕಟ್ಟಿದೆವು. ಪಿಂಚಣಿಯ ಕಾಗದ, ಜಾಗದ ದಾಖಲೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆವು. ಅನಿಲದ ಒಲೆಯನ್ನು ಪೂರ್ವದ ಜಗಲಿಯ ಮೂಲೆಗೆ ಸಾಗಿಸಿದೆವು. ಎಲ್ಲವೂ ಕ್ರಮಬದ್ಧವಾಗಿದೆಯೆಂದು ಬೀಗಿದೆವು.

ಹತ್ತು ದಿನಗಳೊಳಗೆ ಶ್ರೀಮತಿಯವರಿಗೆ ಕೆಮ್ಮು ಹಿಡಿಯಿತು. ರಾತ್ರಿ ಎದ್ದು ಕುಳಿತು ಉಸಿರೆಳೆಯುವಂತಾಯಿತು. ಪರೀಕ್ಷಿಸಿದ ವೈದ್ಯರು, “ಮಾಷ್ಟ್ರೇ, ಔಷಧಿ ಕೊಡಬಲ್ಲೆ; ಧೂಳಿನಿಂದ ದೂರವಿಡುವುದು ನಿಮ್ಮ ಕೆಲಸ” ಎಂದರು. ಮನೆಗೆ ಬಂದು ಚಹಾದ ಪಾತ್ರೆಯ ಮೇಲಿನ ಕೆಂಪು ಹುಡಿಯನ್ನು ಸೆರಗಿನಿಂದ ಒರೆಸುತ್ತ ಅವರು ಮೆಲ್ಲಗೆ ನುಡಿದರು: “ಪುಸ್ತಕಗಳಿಗೆ ನನ್ನ ಸೀರೆ ಹೊದೆಸಿದ್ದೀರಿ. ನಾನು ದಿನವಿಡೀ ಎಲ್ಲಿ ನಿಲ್ಲುತ್ತೇನೆಂದು ನೋಡಿದ್ದೀರಾ?”

ನೋಡಿರಲಿಲ್ಲ. ಇಬ್ಬರಿಗೆ ಅಡಿಗೆ, ಕೆಲಸದವರಿಗೆ ಎರಡು ಹೊತ್ತು ಚಹಾ, ಗಂಟೆಗೊಮ್ಮೆ ಗುಡಿಸುವುದು, ಎಲ್ಲವೂ ಆ ಜಗಲಿಯಲ್ಲೇ ನಡೆಯುತ್ತಿತ್ತು. ಹಗಲು ಹೊತ್ತು ಗಾಳಿ ಕಡಲಿನಿಂದ ನೆಲದ ಕಡೆಗೆ ಬೀಸುತ್ತದೆಂದು ವರ್ಷ ವರ್ಷವೂ ಬೋಧಿಸಿದವರು ನಾವೇ. ನಮ್ಮ ಕಡಲು ಪಶ್ಚಿಮಕ್ಕಿದೆ. ಪಶ್ಚಿಮದ ಮಾಡು ಬಿಚ್ಚಿ ಪೂರ್ವದ ಜಗಲಿಯಲ್ಲಿ ಒಲೆಯಿಟ್ಟರೆ ಧೂಳು ಮತ್ತೆಲ್ಲಿಗೆ ಹೋದೀತು? ಪಾಠ ಹೇಳಿದವನೇ ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಹಾಗಾಯಿತು.

ಮರುದಿನ ಒಂದು ದಿನದ ಮಟ್ಟಿಗೆ ಕೆಲಸ ನಿಲ್ಲಿಸಿದೆವು. ಬೆಂಗಳೂರಿಗೆ ಹೋಗುವ ಮಾತನ್ನು ಈ ಬಾರಿ ನಾವಾಗಿ ಎತ್ತಿದೆವು, ನಿರ್ಧಾರವನ್ನು ಅವರಿಗೇ ಬಿಟ್ಟೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಟ್ಟಿ ಖಾಲಿ ಉಂಟಲ್ಲ” ಎಂದರು. ದನಗಳಿಲ್ಲದೆ ವರ್ಷಗಳಾಗಿದ್ದ ಆ ಹಟ್ಟಿ ಮನೆಯ ಪಶ್ಚಿಮಕ್ಕೆ, ಗಾಳಿ ಬರುವ ದಿಕ್ಕಿಗೆ ಇತ್ತು. ಅದನ್ನು ತೊಳೆದು, ಸುಣ್ಣ ಬಳಿದು, ಒಲೆಯನ್ನೂ ಎರಡು ಕುರ್ಚಿಗಳನ್ನೂ ಅಲ್ಲಿಗೆ ಒಯ್ದೆವು. ಚಹಾ ಕಾಯಿಸುವುದು, ಗುಡಿಸುವುದು ನಮ್ಮ ಪಾಲಿಗೆ ಬಂತು. ಒಣ ಗುಡಿಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸಿದರೆ ಧೂಳು ಏಳುವುದಿಲ್ಲವೆಂದು ಆಗ ಕಲಿತೆವು. ಕಲ್ಲು ಕೊಯ್ಯುವಾಗ ನೀರು ಹನಿಸಬೇಕೆಂದು ಮೇಸ್ತ್ರಿಯವರನ್ನು ಒಪ್ಪಿಸಿದೆವು. ಆ ಹುಡುಗರ ಶ್ವಾಸಕೋಶಕ್ಕೂ ಅದು ಹಿತ. ಮಲಗುವ ಕೋಣೆಯ ಬಾಗಿಲಿಗೆ ಒದ್ದೆ ಗೋಣಿ ತೂಗಹಾಕಿದೆವು. ಹೊಸ ಬಚ್ಚಲು ಸಿದ್ಧವಾಗುವ ತನಕ ಹಳೆಯದನ್ನು ಮುಟ್ಟಲಿಲ್ಲ. ವಾರದೊಳಗೆ ಕೆಮ್ಮು ಇಳಿಯಿತು. ಸಂಜೆ ಕೆಲಸದವರು ಹೋದ ಮೇಲೆ ನಾವಿಬ್ಬರೂ ಹಟ್ಟಿಯ ಮುಂದೆ ಕುಳಿತು, ಅರ್ಧ ಬರಿದಾದ ಮಾಡನ್ನು ನೋಡುತ್ತ ಗಂಜಿ ಉಣ್ಣುತ್ತಿದ್ದೆವು. ಅಷ್ಟು ಹೊತ್ತು ಒಟ್ಟಿಗೆ ಕುಳಿತು ಮಾತಾಡಿದ್ದು ನಿವೃತ್ತಿಯ ಬಳಿಕವೂ ಇರಲಿಲ್ಲ.

ಮಳೆ ಬರುವ ಮೊದಲೇ ಕೊನೆಯ ಹಂಚು ಏರಿತು. ಬಚ್ಚಲಿಗೆ ಈಗ ಮೆಟ್ಟಿಲಿಲ್ಲ, ಗೋಡೆಗೆ ಹಿಡಿಕೆಯಿದೆ. ಮನೆ ದುರಸ್ತಿಗೆ ಹೊರಡುವ ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮೇಸ್ತ್ರಿಯನ್ನು ಕರೆಯುವ ಮೊದಲು ಒಲೆಯ ಮುಂದೆ ನಿಲ್ಲುವವರನ್ನು ಕೇಳಿರಿ, ಬಳಿಕ ಗಾಳಿಯ ದಿಕ್ಕನ್ನು ನೋಡಿರಿ. ಜಗಲಿಯ ಒಂದು ಮೂಲೆ ನಮ್ಮಲ್ಲಿ ಈಗಲೂ ಸೋರುತ್ತದೆ. ಬರುವ ಬೇಸಗೆಯಲ್ಲಿ ಅದನ್ನು ಸರಿಪಡಿಸಬೇಕೆಂದಿದ್ದೇವೆ. ಯಾವ ವಾರ ಎಂಬುದನ್ನು ಶ್ರೀಮತಿಯವರು ಇನ್ನೂ ತಿಳಿಸಿಲ್ಲ.