ಬಾವಲಿ ಮನುಷ್ಯನ ನಿವೃತ್ತಿ



ಪಂಪ ರನ್ನರನ್ನು ಪಾಠ ಮಾಡಿದ ಮೇಷ್ಟ್ರು ಈ ಸಲ ಬ್ಯಾಟ್‌ಮನ್ ಕುರಿತು ಬರೆಯಹೊರಟಿರುವುದನ್ನು ಕಂಡು ನಿಮಗೆ ನಗು ಬರಬಹುದು. ನಗಿರಿ, ಅಡ್ಡಿಯಿಲ್ಲ. ರಜೆಗೆ ಬಂದ ಮೊಮ್ಮಗನ ದೆಸೆಯಿಂದ ಈ ನಾಯಕನ ಚಿತ್ರಗಳನ್ನು ಒಂದಾದ ಮೇಲೊಂದರಂತೆ ನೋಡುವ ಯೋಗ ನನಗೊದಗಿತು. ಅವನ ಆಸಕ್ತಿ ಕಾರು, ಹೊಡೆದಾಟಗಳಲ್ಲಿ. ನನ್ನ ಗಮನವೆಲ್ಲ ಪ್ರತಿ ಚಿತ್ರದ ಕೊನೆಯ ಹತ್ತು ನಿಮಿಷಗಳ ಮೇಲೆ.

ಕವಿಯ ಅಭಿಪ್ರಾಯವನ್ನು ತಿಳಿಯಬೇಕಾದರೆ ಅವನು ಕಥೆಯನ್ನು ಎಲ್ಲಿ ನಿಲ್ಲಿಸಿದ ಎಂಬುದನ್ನು ನೋಡಬೇಕೆಂದು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಭಾರತದ ಕಥೆ ಒಂದೇ. ಪಂಪನು ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು, ಕಡೆಗೆ ಪಟ್ಟವನ್ನೂ ಅರ್ಜುನನಿಗೇ ಕಟ್ಟಿಸಿದ. ರನ್ನನು ಸತ್ಯಾಶ್ರಯನನ್ನು ಭೀಮನಲ್ಲಿ ಕಂಡು ಭೀಮನಿಗೆ ಕಟ್ಟಿಸಿದ. ವ್ಯಾಸರಾದರೋ ಗೆದ್ದವರನ್ನೂ ಹಿಮಾಲಯದ ಹಾದಿ ಹಿಡಿಸಿದರು. ನಾಯಕನು ಯಾರು, ಅವನಿಂದ ಲೋಕಕ್ಕೆ ಏನಾಗಬೇಕು ಎಂಬ ಪ್ರಶ್ನೆಗೆ ಒಬ್ಬೊಬ್ಬರು ಕೊಟ್ಟ ಉತ್ತರ ಆ ಮುಕ್ತಾಯಗಳಲ್ಲಿದೆ. ಇದೇ ಅಳತೆಗೋಲನ್ನು ಬ್ಯಾಟ್‌ಮನ್ ಚಿತ್ರಗಳಿಗೂ ಹಿಡಿಯಬಹುದೆಂದು ನನಗೆ ತೋರಿತು.

ಬ್ಯಾಟ್‌ಮನ್ ಹುಟ್ಟಿದ್ದು 1939ರಲ್ಲಿ, ಅಮೆರಿಕದ ‘ಡಿಟೆಕ್ಟಿವ್ ಕಾಮಿಕ್ಸ್’ ಪತ್ರಿಕೆಯ 27ನೆಯ ಸಂಚಿಕೆಯಲ್ಲಿ. ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಇವನ ಸೃಷ್ಟಿಕರ್ತರು. ಬಾಲ್ಯದಲ್ಲಿ ತಂದೆತಾಯಿಗಳ ಕೊಲೆಯನ್ನು ಕಣ್ಣಾರೆ ಕಂಡ ಸಿರಿವಂತ ಬ್ರೂಸ್ ವೇಯ್ನ್, ಬೆಳೆದ ಮೇಲೆ ಬಾವಲಿಯ ವೇಷ ತೊಟ್ಟು ಗಾಥಮ್ ನಗರದ ದುಷ್ಟರ ಬೆನ್ನು ಹತ್ತುತ್ತಾನೆ. ಹಾರುವ ಶಕ್ತಿಯಾಗಲಿ, ದೇವತೆಗಳ ವರವಾಗಲಿ ಅವನಿಗಿಲ್ಲ. ಇರುವುದು ಹಣ, ಅಭ್ಯಾಸ, ಹಟ. ಆದರೆ ತಿಂಗಳು ತಿಂಗಳೂ ಮಾರಾಟವಾಗಬೇಕಾದ ಪತ್ರಿಕೆಯ ನಾಯಕನಿಗೆ ಮುಕ್ತಾಯವೆಂಬುದು ದಕ್ಕುವುದಿಲ್ಲ. ಎಂಬತ್ತು ವರ್ಷ ದಾಟಿದರೂ ಅವನು ದುಡಿಯುತ್ತಲೇ ಇದ್ದಾನೆ. ಹೀಗಾಗಿ ಅವನನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ ಚಲನಚಿತ್ರ ನಿರ್ದೇಶಕರ ಪಾಲಿಗೆ ಬಂತು.

ಟಿಮ್ ಬರ್ಟನ್ 1989ರಲ್ಲಿ ತೆಗೆದ ಚಿತ್ರದಲ್ಲಿ ಬ್ರೂಸನ ತಂದೆತಾಯಿಯನ್ನು ಕೊಂದವನೇ ಮುಂದೆ ಜೋಕರ್ ಆಗುತ್ತಾನೆ. ಅವನು ಗೋಪುರದಿಂದ ಬಿದ್ದು ಸತ್ತಮೇಲೆ ಸೇಡು ತೀರಿತು, ನಾಯಕ ಮನೆಗೆ ಹೋಗಬೇಕಲ್ಲವೇ? ಹೋಗುವುದಿಲ್ಲ. ಆಕಾಶದಲ್ಲಿ ಬಾವಲಿಯ ಗುರುತು ಬೆಳಗುತ್ತದೆ, ಅವನು ಎತ್ತರದ ಕಟ್ಟಡದ ಮೇಲೆ ಕಾವಲುಗಾರನಂತೆ ನಿಂತಿರುತ್ತಾನೆ. 1992ರ ಎರಡನೆಯ ಚಿತ್ರದಲ್ಲಿ ಬ್ರೂಸ್ ತನ್ನ ಮುಖವಾಡವನ್ನು ತಾನೇ ಹರಿದುಹಾಕಿ, ಬೆಕ್ಕಿನ ವೇಷದ ಸೆಲೀನಾಳನ್ನು ತನ್ನೊಡನೆ ಮನೆಗೆ ಬಾ ಎಂದು ಬೇಡಿಕೊಳ್ಳುತ್ತಾನೆ. ಆಕೆ ಒಪ್ಪುವುದಿಲ್ಲ. ಕ್ರಿಸ್‌ಮಸ್ ರಾತ್ರಿಯ ಹಿಮದಲ್ಲಿ ಅವನಿಗೆ ಸಿಗುವುದು ಒಂದು ಕರಿಯ ಬೆಕ್ಕು ಮಾತ್ರ. ಬರ್ಟನ್ನನ ದೃಷ್ಟಿಯಲ್ಲಿ ಬ್ರೂಸ್ ಒಬ್ಬ ಒಂಟಿ ಮನುಷ್ಯ. ಆ ಒಂಟಿತನಕ್ಕೆ ಮದ್ದಿಲ್ಲ.

ಅನಂತರ ಬಂದ ಜೋಯಲ್ ಶೂಮಾಕರ್ 1995 ಮತ್ತು 1997ರ ಚಿತ್ರಗಳಲ್ಲಿ ಬಣ್ಣದ ದೀಪಗಳ ಜಾತ್ರೆಯನ್ನೇ ನೆರೆಸಿದ. ಕೊನೆಯಲ್ಲಿ ನಾಯಕ ಸಂಗಡಿಗರೊಂದಿಗೆ ನಮ್ಮತ್ತಲೇ ಓಡಿಬರುತ್ತಾನೆ. ಮೊಮ್ಮಗನಿಗೆ ಇವು ಬಹಳ ಹಿಡಿಸಿದವು. ವಿಮರ್ಶಕರು ಮಾತ್ರ ಎರಡನೆಯದನ್ನು ಹರಿದು ಮುಕ್ಕಿದರು. ಎಂಟು ವರ್ಷಗಳ ಕಾಲ ಬೇರೆ ಬ್ಯಾಟ್‌ಮನ್ ಚಿತ್ರ ಚಿತ್ರಮಂದಿರಗಳಿಗೆ ಬರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕ್ರಿಸ್ಟೊಫರ್ ನೋಲನ್ನನ ಮೂರು ಚಿತ್ರಗಳು: 2005, 2008 ಮತ್ತು 2012ರವು. ಬ್ಯಾಟ್‌ಮನ್ ಎಂಬುದು ಒಂದು ಹೊಣೆ, ಹೊತ್ತವನು ಅದನ್ನು ಒಂದು ದಿನ ಇಳಿಸಲೇಬೇಕು ಎಂಬ ಎಣಿಕೆ ಇಲ್ಲಿದೆ. ಎರಡನೆಯ ಚಿತ್ರದ ಅಂತ್ಯದಲ್ಲಿ, ಹಾರ್ವಿ ಡೆಂಟ್ ಎಂಬ ಸರ್ಕಾರಿ ವಕೀಲನ ಕೊಲೆಪಾತಕಗಳನ್ನು ಬ್ಯಾಟ್‌ಮನ್ ತನ್ನ ತಲೆಗೆ ಕಟ್ಟಿಕೊಂಡು, ಪೊಲೀಸರೂ ನಾಯಿಗಳೂ ಅಟ್ಟಿಸಿಕೊಂಡು ಬರುತ್ತಿರಲು ಕತ್ತಲಲ್ಲಿ ಮರೆಯಾಗುತ್ತಾನೆ.

ಮೂರನೆಯ ಚಿತ್ರ ತೆರೆದುಕೊಳ್ಳುವಾಗ ಎಂಟು ವರ್ಷ ಕಳೆದಿವೆ. ಬ್ರೂಸ್ ಕೆಲಸ ಬಿಟ್ಟಿದ್ದಾನೆ; ಕೋಲೂರಿ ನಡೆಯುತ್ತಾನೆ; ದೊಡ್ಡ ಮನೆಯ ಒಂದು ಮೂಲೆಯಲ್ಲಿ ಬಾಗಿಲು ಹಾಕಿಕೊಂಡು ಯಾರ ಕಣ್ಣಿಗೂ ಬೀಳದೆ ಇದ್ದಾನೆ. ಈ ದೃಶ್ಯವನ್ನು ನೋಡುವಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ನಿವೃತ್ತನಾದ ಮೊದಲ ಜೂನ್ ತಿಂಗಳು ನೆನಪಾಯಿತು. ಬೆಳಿಗ್ಗೆ ಒಂಬತ್ತೂವರೆಗೆ ಎಂದಿನಂತೆ ಅಂಗಿ ತೊಟ್ಟು, ಹೋಗಲು ಎಲ್ಲಿಯೂ ಇಲ್ಲದೆ ಜಗಲಿಯ ಮೇಲೆ ಕೂರುತ್ತಿದ್ದೆ. ಪ್ರಾರ್ಥನೆಯ ಗಂಟೆ ಅಷ್ಟು ದೂರದಿಂದ ಕೇಳಿಸುವಂತಿರಲಿಲ್ಲ. ಆದರೂ ಕಿವಿ ಅತ್ತಲೇ ಇರುತ್ತಿತ್ತು. ಕೆಲಸ ನಿಲ್ಲುವುದು ಬೇರೆ, ಮುಗಿಯುವುದು ಬೇರೆ ಎಂಬುದು ಅನುಭವಿಸಿದವರಿಗೆ ಗೊತ್ತು. ಬ್ರೂಸನ ಎಂಟು ವರ್ಷಗಳು ನಿಂತ ಕೆಲಸದ ವರ್ಷಗಳು.

ಮನೆಯ ಸೇವಕನೂ ಸಾಕುತಂದೆಯೂ ಆದ ಆಲ್ಫ್ರೆಡ್ ಇದನ್ನು ಸಹಿಸಲಾರ. ಬ್ರೂಸ್ ಹಿಂದೆ ದೇಶಾಂತರ ಹೋಗಿದ್ದಾಗ, ತಾನು ವರ್ಷಕ್ಕೊಮ್ಮೆ ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋಗಿ ಆರ್ನೋ ನದಿಯ ದಡದ ಹೋಟೆಲೊಂದರಲ್ಲಿ ಕೂರುತ್ತಿದ್ದುದನ್ನು ಅವನು ಹೇಳುತ್ತಾನೆ. ಎದುರಿನ ಮೇಜಿನಲ್ಲಿ ಬ್ರೂಸ್ ಹೆಂಡತಿ ಮಕ್ಕಳೊಂದಿಗೆ ಕುಳಿತಿರಬೇಕು, ಇಬ್ಬರೂ ಮಾತಾಡಬಾರದು, ಹುಡುಗ ಸುಖವಾಗಿದ್ದಾನೆಂದು ತನಗೆ ತಿಳಿದರೆ ಸಾಕು ಎಂಬುದು ಮುದುಕನ ಕನಸು.

ಬ್ರೂಸ್ ಮತ್ತೆ ವೇಷ ತೊಡುತ್ತಾನೆ, ಬೇನ್ ಎಂಬ ದೈತ್ಯನಿಂದ ಬೆನ್ನು ಮುರಿಸಿಕೊಳ್ಳುತ್ತಾನೆ, ಪಾತಾಳದಂಥ ಬಾವಿಯ ಸೆರೆಮನೆಯಲ್ಲಿ ಬೀಳುತ್ತಾನೆ. (ಆ ಬಾವಿಯಿಂದ ಅವನು ಹೊರಬರುವ ದೃಶ್ಯವನ್ನು ನಮ್ಮ ಜೋಧಪುರದಲ್ಲಿ, ಮೆಹ್ರಾನ್‌ಗಢ ಕೋಟೆಯ ಬಳಿ ಚಿತ್ರಿಸಿದರು.) ಹಗ್ಗ ಕಟ್ಟಿಕೊಂಡು ಏರಿದಾಗಲೆಲ್ಲ ಜಾರುತ್ತಾನೆ. ಸಾವಿನ ಭಯವಿಲ್ಲದಿರುವುದೇ ಅವನ ದೌರ್ಬಲ್ಯವೆಂದು ಅಲ್ಲಿಯ ಮುದುಕನೊಬ್ಬ ತಿಳಿಸುತ್ತಾನೆ. ಹಗ್ಗ ಬಿಚ್ಚಿ ನೆಗೆದಾಗ ದಡ ಸಿಗುತ್ತದೆ. ಬದುಕುವ ಆಸೆ ಹುಟ್ಟಿದವನಿಗೆ ಮಾತ್ರ ಕೆಲಸವನ್ನು ಮುಗಿಸುವುದೂ ಸಾಧ್ಯ ಎಂಬುದು ನನ್ನ ಓದು.

ಕೊನೆಗೆ ಅಣುಬಾಂಬನ್ನು ಸಮುದ್ರದ ಮೇಲೆ ಒಯ್ದ ನಾಯಕ ಸತ್ತನೆಂದು ಊರು ನಂಬುತ್ತದೆ, ಪ್ರತಿಮೆ ನಿಲ್ಲಿಸುತ್ತದೆ. ಅವನ ಬಂಗಲೆ ಅನಾಥ ಮಕ್ಕಳ ಮನೆಯಾಗುತ್ತದೆ. ಬಾವಲಿಗಳ ಗವಿ ಬ್ಲೇಕ್ ಎಂಬ ತರುಣನಿಗೆ ಸೇರುತ್ತದೆ. ಫ್ಲಾರೆನ್ಸಿನಲ್ಲಿ ಆಲ್ಫ್ರೆಡ್ ತಲೆಯೆತ್ತಿ ನೋಡಿದರೆ, ಎದುರಿಗೆ ಬ್ರೂಸ್, ಜೊತೆಯಲ್ಲಿ ಸೆಲೀನಾ. ಮುದುಕ ತಲೆಯಾಡಿಸಿ, ಮಾತಿಲ್ಲದೆ ಎದ್ದುಹೋಗುತ್ತಾನೆ. ಇದು ಬರಿಯ ಕನಸು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವಿಮಾನವು ತಾನಾಗಿ ಹಾರುವಂತೆ ಬ್ರೂಸನೇ ತಿಂಗಳುಗಳ ಹಿಂದೆ ದುರಸ್ತಿ ಮಾಡಿದ್ದನೆಂಬುದನ್ನೂ, ತಾಯಿಯ ಮುತ್ತಿನ ಹಾರ ಕಾಣೆಯಾಗಿದೆ ಎಂಬುದನ್ನೂ ನಿರ್ದೇಶಕ ಅದಕ್ಕೆ ಮೊದಲೇ ಹೇಳಿಟ್ಟಿದ್ದಾನೆ. ಸೆಲೀನಾಳ ಕೊರಳಲ್ಲಿ ಆ ಹಾರವಿದೆ.

2022ರಲ್ಲಿ ಮ್ಯಾಟ್ ರೀವ್ಸ್ ಇನ್ನೊಂದು ದಾರಿ ಹಿಡಿದ. ಅವನ ತರುಣ ಬ್ಯಾಟ್‌ಮನ್ ತನ್ನನ್ನು ಸೇಡೆಂದೇ ಕರೆದುಕೊಳ್ಳುವವನು. ಕಡೆಗೆ ನೆರೆನೀರಿನ ಕತ್ತಲಲ್ಲಿ ಪಂಜಿನಂಥ ಬೆಳಕು ಹಿಡಿದು, ಜನರನ್ನು ಹಿಂದಿಟ್ಟುಕೊಂಡು ನಡೆಯುತ್ತಾನೆ. ಸೆಲೀನಾ ಊರು ಬಿಡುತ್ತಾಳೆ, ಅವನು ಉಳಿಯುತ್ತಾನೆ. ಇದು ಕೆಲಸಕ್ಕೆ ಸೇರಿದ ಎರಡನೆಯ ವರ್ಷದಲ್ಲಿರುವವನ ಕಥೆ. ಆ ವಯಸ್ಸಿಗೆ ಆ ಮುಕ್ತಾಯವೇ ಸರಿ. ನಿಮ್ಮಲ್ಲಿ ಈಗಷ್ಟೇ ಮೇಷ್ಟ್ರಾದವರು ಅದನ್ನೇ ನೋಡಿ.

ನನ್ನ ವಯಸ್ಸಿಗೆ ಆಲ್ಫ್ರೆಡ್ಡನ ಮೇಜೇ ಹತ್ತಿರ. ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ನಿಮ್ಮಲ್ಲೊಬ್ಬರು ಮಗುವನ್ನು ಎತ್ತಿಕೊಂಡು ಹೋಗುವುದು ದೂರದಿಂದ ಕಾಣುತ್ತದೆ. ಹೆಸರು ತಕ್ಷಣ ಹೊಳೆಯುವುದಿಲ್ಲ, ಕೂರುತ್ತಿದ್ದ ಬೆಂಚು ಹೊಳೆಯುತ್ತದೆ. ಕೂಗಿ ಕರೆಯುವುದಿಲ್ಲ. ಮೇಷ್ಟ್ರು ಗುರುತು ಹಿಡಿಯಲಿಲ್ಲವೆಂದು ಬೇಸರಪಡಬೇಡಿ, ನಾನು ನೋಡಿರುತ್ತೇನೆ.